ಇಲಿಗೆ ತಂಪು, ಮನುಷ್ಯನಿಗೆ ಬೆಂಕಿ: ಟಿಜಿಎನ್ 1412 ಪ್ರಕರಣ

2006ರ ಮಾರ್ಚ್ 13, ಸೋಮವಾರ, ಬೆಳಗ್ಗೆ ಎಂಟು ಗಂಟೆ. ಲಂಡನ್ನಿನ ಹ್ಯಾರೋ ಪ್ರದೇಶದ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಪ್ಯಾರೆಕ್ಸೆಲ್ ಎಂಬ ಖಾಸಗಿ ಕಂಪನಿಯ ಔಷಧ ಪರೀಕ್ಷಾ ಘಟಕವೊಂದಿತ್ತು. ಆ ದಿನ ಅಲ್ಲಿ ಎಂಟು ಮಂದಿ ಗಂಡಸರು ಚುಚ್ಚುಮದ್ದಿಗೆ ಸಿದ್ಧರಾಗಿದ್ದರು. ಯಾರಿಗೂ ಕಾಯಿಲೆಯಿಲ್ಲ, 19ರಿಂದ 34 ವರ್ಷದೊಳಗಿನ ಗಟ್ಟಿಮುಟ್ಟಾದ ಆಳುಗಳು. ಮನುಷ್ಯರ ಮೈಗೆ ಅದುವರೆಗೆ ಒಮ್ಮೆಯೂ ಹೋಗಿರದ ಮದ್ದೊಂದನ್ನು ಹಾಕಿಸಿಕೊಳ್ಳಲು ತಲಾ ಸುಮಾರು 2,000 ಪೌಂಡ್ ಸಂಭಾವನೆ ನಿಗದಿಯಾಗಿತ್ತು. ಆರು ಮಂದಿಗೆ ನಿಜವಾದ ಮದ್ದು, ಇಬ್ಬರಿಗೆ ಮದ್ದಿಲ್ಲದ ದ್ರವ. ಯಾರ ಪಾಲಿಗೆ ಯಾವುದು ಬಂತೆಂದು ಅವರಿಗೆ ಗೊತ್ತಿಲ್ಲ. ಒಬ್ಬನ ಸರದಿ ಆದ ಹತ್ತು ನಿಮಿಷಕ್ಕೆ ಪಕ್ಕದವನ ಸರದಿ. ಒಬ್ಬೊಬ್ಬರ ನರಕ್ಕೆ ಮದ್ದು ಇಳಿಯಲು ಮೂರರಿಂದ ಆರು ನಿಮಿಷ ಸಾಕಾಗಿತ್ತು.

ಸುಮಾರು ಒಂದು ಗಂಟೆ ಕಳೆದ ಮೇಲೆ ತಲೆನೋವು ಶುರುವಾಯಿತು. ಮೊದಲನೆಯವನಿಗೆ ಏನೋ ಸರಿಯಿಲ್ಲ ಎಂದು ಸುತ್ತಲಿನವರಿಗೆ ಅನ್ನಿಸುವ ಹೊತ್ತಿಗೆ ಸಾಲು ಹೆಚ್ಚುಕಡಿಮೆ ಮುಗಿದಿತ್ತು. ಈ ಹತ್ತು ನಿಮಿಷದ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಡೀ ಪ್ರಕರಣದಲ್ಲಿ ವಿಜ್ಞಾನ ಗೊತ್ತಿಲ್ಲದವರಿಗೂ ಅರ್ಥವಾಗುವ ತಪ್ಪು ಇದೊಂದೇ. ಉಳಿದದ್ದನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳಿಗೇ ನಾಲ್ಕೈದು ವರ್ಷ ಹಿಡಿಯಿತು.

ಎರಡು ಕೀಲಿಯ ಬೀಗ

ಮದ್ದಿನ ಹೆಸರು ಟಿಜಿಎನ್ 1412. ತಯಾರಿಸಿದ್ದು ಜರ್ಮನಿಯ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ಟೆಜೆನೆರೊ ಎಂಬ ಪುಟ್ಟ ಕಂಪನಿ. ಗುರಿ ಎರಡು: ಒಂದು ಬಗೆಯ ರಕ್ತದ ಕ್ಯಾನ್ಸರ್ ಮತ್ತು ರುಮಟಾಯ್ಡ್ ಸಂಧಿವಾತ. ಎರಡನೆಯದು ವಯಸ್ಸಾದವರ ಮಂಡಿನೋವಲ್ಲ. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕೀಲುಗಳ ಒಳಪೊರೆಯ ಮೇಲೆ ಹರಿಹಾಯುವ ಉರಿಯೂತದ ಕಾಯಿಲೆ. ಬೆಳಗ್ಗೆ ಎದ್ದವರಿಗೆ ಕೊಡದ ಹಿಡಿಯನ್ನು ಹಿಡಿಯಲೂ ಬೆರಳು ಮಡಚುವುದಿಲ್ಲ; ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ.

ಈ ಕಾಯಿಲೆಗೆ ಆ ಹೊತ್ತಿಗಾಗಲೇ ಒಳ್ಳೆಯ ಮದ್ದುಗಳು ಬಂದಿದ್ದವು. ಅದೇ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 1992ರಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ತಂಡವು ಟಿಎನ್ಎಫ್ ಎಂಬ ಉರಿಯೂತದ ಸಂದೇಶವಾಹಕವನ್ನು ಪ್ರತಿಕಾಯದಿಂದ, ಅಂದರೆ ಗೊತ್ತಾದ ಗುರಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನಿನಿಂದ, ಕಟ್ಟಿಹಾಕಿದಾಗ ಕೀಲುಗಳ ಬಾವು ಇಳಿಯುತ್ತದೆಂದು ತೋರಿಸಿತ್ತು. ಆದರೆ ಆ ಚಿಕಿತ್ಸೆ ಎಲ್ಲರಿಗೂ ನಾಟುವುದಿಲ್ಲ. ನಾಟಿದವರಲ್ಲೂ ಮದ್ದು ನಿಲ್ಲಿಸಿದರೆ ಬಾವು ಮರಳುವುದುಂಟು. ಟೆಜೆನೆರೊದ ಯೋಚನೆ ಬೇರೆಯೇ ಆಗಿತ್ತು. ಜಗಳವಾಡುವವರ ಬಾಯಿ ಮುಚ್ಚಿಸುವ ಬದಲು ಜಗಳ ಬಿಡಿಸುವವರ ಸಂಖ್ಯೆಯನ್ನೇ ಹೆಚ್ಚಿಸಿದರೆ ಹೇಗೆ?

ಜಗಳ ಬಿಡಿಸುವವರು ದೇಹದಲ್ಲಿ ಇದ್ದಾರೆ. ಅವುಗಳಿಗೆ ನಿಯಂತ್ರಕ ಟಿ ಕೋಶಗಳೆಂದು ಹೆಸರು. ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯಾದ ಟಿ ಕೋಶ ಎಂಬುದು ಬ್ಯಾಂಕಿನ ಲಾಕರ್ ಇದ್ದ ಹಾಗೆ, ಒಂದು ಕೀಲಿಗೆ ತೆರೆಯುವುದಿಲ್ಲ. ಗ್ರಾಹಕನ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು. ಮೊದಲ ಕೀಲಿ, ಶತ್ರುವಿನ ಗುರುತು ಸಿಕ್ಕಿತೆಂಬ ಸುದ್ದಿ. ಎರಡನೆಯದು ಕೋಶದ ಮೈಮೇಲಿನ ಸಿಡಿ28 ಎಂಬ ಗ್ರಾಹಿಯ ಮೂಲಕ ಬರುವ ಒಪ್ಪಿಗೆ. ಎರಡೂ ಸೇರಿದಾಗ ಮಾತ್ರ ಕೋಶ ಕೆರಳಿ ದ್ವಿಗುಣಿಸುತ್ತದೆ. ವೂರ್ಟ್ಸ್‌ಬರ್ಗ್‌ನ ಥಾಮಸ್ ಹ್ಯೂನಿಗ್ ಅವರ ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಎರಡನೆಯ ಕೀಲಿಯೊಂದರಿಂದಲೇ ಬೀಗ ತೆಗೆಯುವ ವಿಚಿತ್ರ ಪ್ರತಿಕಾಯ. ಸಿಡಿ28ರ ಒಂದು ನಿರ್ದಿಷ್ಟ ಮೂಲೆಗೆ ಅದು ಅಂಟಿಕೊಂಡರೆ ಮೊದಲ ಕೀಲಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಅಂಥದ್ದು ಅಪಾಯವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲಿಗಳು ಬೇರೆ ಉತ್ತರ ಕೊಟ್ಟವು. ಇಲಿಗೆ ಹೊಂದುವ ಪ್ರತಿಕಾಯವನ್ನು ಚುಚ್ಚಿದಾಗ ಎಲ್ಲಕ್ಕಿಂತ ಮುಂಚೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಳೆದದ್ದು ನಿಯಂತ್ರಕ ಕೋಶಗಳೇ. ಕೃತಕವಾಗಿ ಸಂಧಿವಾತ ಬರಿಸಿದ್ದ ಇಲಿಗಳ ಬಾವು ಇಳಿಯಿತು. ಮಿದುಳು ಮತ್ತು ಬೆನ್ನುಹುರಿಯ ಉರಿಯೂತವಿದ್ದ ಇಲಿಗಳೂ ಸುಧಾರಿಸಿಕೊಂಡವು. ಮುಂದೆ ಮನುಷ್ಯರಿಗೆ ಹೊಂದುವಂತೆ ಮಾಡಿದ ಪ್ರತಿಕಾಯವನ್ನು, ಅಂದರೆ ಟಿಜಿಎನ್ 1412 ಅನ್ನು, ಕೋತಿಗಳಿಗೆ ಕೊಟ್ಟರು. ಸೈನೊಮೊಲ್ಗಸ್ ಮಕಾಕ್‌ಗಳಿಗೆ ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂನಂತೆ ವಾರಕ್ಕೊಮ್ಮೆ ನಾಲ್ಕು ವಾರ ಕೊಟ್ಟರೂ ಗಂಭೀರ ತೊಂದರೆ ಕಾಣಲಿಲ್ಲ. ಸಿಡಿ28ರಲ್ಲಿ ಮದ್ದು ಅಂಟುವ ಜಾಗ ಕೋತಿಗೂ ಮನುಷ್ಯನಿಗೂ ಒಂದೇ ಆಗಿದ್ದರಿಂದ ಕೋತಿಯ ಸಾಕ್ಷ್ಯ ಗಟ್ಟಿ ಎಂದು ಎಲ್ಲರೂ ನಂಬಿದರು.

ಪ್ರಮಾಣದ ಲೆಕ್ಕ ಕಟ್ಟಿದ್ದು ಇದರ ಮೇಲೆಯೇ. ಕೋತಿಯ 50 ಮಿಲಿಗ್ರಾಂ ಮನುಷ್ಯನಿಗೆ ಸುಮಾರು 16 ಮಿಲಿಗ್ರಾಂ; ಸುರಕ್ಷತೆಗೆಂದು ಹತ್ತರಿಂದ ಭಾಗಿಸಿದರೆ 1.6, ಇನ್ನೂ ಇಳಿಸಿ ಕೊನೆಗೆ ಕಿಲೋಗೆ 0.1 ಮಿಲಿಗ್ರಾಂ. ಕೋತಿ ತಡೆದುಕೊಂಡದ್ದರ ಐನೂರನೇ ಒಂದು ಪಾಲು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಎಚ್ಚರಿಕೆ ಬೇಕೇ ಎನ್ನಿಸುವಂಥ ಲೆಕ್ಕ.

ವಾರ್ಡಿನಲ್ಲಿ

ತಲೆನೋವಿನ ಬೆನ್ನಿಗೆ ಮೈಕೈ ನೋವು, ವಾಕರಿಕೆ, ಭೇದಿ, ಜ್ವರ. ಚರ್ಮ ಕೆಂಪಾಯಿತು, ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯಿತು. ಮದ್ದು ಸಿಕ್ಕಿದ ಆರಕ್ಕೆ ಆರೂ ಮಂದಿ ಹೀಗೆ ಬಿದ್ದರು. ಉಳಿದ ಇಬ್ಬರಿಗೆ ಏನೂ ಆಗಲಿಲ್ಲ, ಅಂದರೆ ತಮಗೆ ಸಿಕ್ಕಿದ್ದು ಬರಿಯ ದ್ರವವೆಂದು ಅವರಿಗೆ ಗೊತ್ತಾದದ್ದು ಪಕ್ಕದ ಹಾಸಿಗೆಯವರ ನರಳಾಟದಿಂದ.

ಆ ಆರು ಜನರ ರಕ್ತದ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿ ಅಪರೂಪದ ದಾಖಲೆ. ಸಾಮಾನ್ಯವಾಗಿ ಇಂಥ ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಯಿಲೆ ಯಾವಾಗ ಶುರುವಾಯಿತೆಂದೇ ಗೊತ್ತಿರುವುದಿಲ್ಲ. ಇಲ್ಲಿ ಶುರುವಾದ ನಿಮಿಷವೂ ಗೊತ್ತಿತ್ತು. ಮೊದಲ ಗಂಟೆಗಳಲ್ಲೇ ಟಿಎನ್ಎಫ್ ಚಿಮ್ಮಿತು. ಅದರ ಹಿಂದೆಯೇ ಇಂಟರ್‌ಲ್ಯೂಕಿನ್ 2, 6 ಮತ್ತು 10, ಇಂಟರ್‌ಫೆರಾನ್ ಗಾಮಾ ಎಲ್ಲವೂ ಏರಿದವು. ಸೈಟೋಕೈನ್‌ಗಳೆಂದರೆ ಇವೇ, ಬಿಳಿ ಕಣಗಳು ಒಂದಕ್ಕೊಂದು ಕಳಿಸುವ ಓಲೆಗಳು. ಗಾಯವಾದ ಜಾಗದಲ್ಲಿ ಹತ್ತಾರು ಕಣಗಳು ಓಲೆ ಕಳಿಸಿದರೆ ಅದು ಗುಣವಾಗುವ ದಾರಿ. ಇಡೀ ದೇಹದ ಕಣಗಳು ಏಕಕಾಲಕ್ಕೆ ಕಳಿಸಿದರೆ ರಕ್ತನಾಳಗಳು ಸೋರತೊಡಗುತ್ತವೆ. ಕೋವಿಡ್ ಕಾಲದ ಕನ್ನಡ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ 'ಸೈಟೋಕೈನ್ ಬಿರುಗಾಳಿ' ಇದೇ ಜಾತಿಯದು. ಇಲ್ಲಿ ವೈರಸ್ಸಿನ ಕೈವಾಡ ಇರಲಿಲ್ಲ, ಅಷ್ಟೇ.

12ರಿಂದ 16 ಗಂಟೆಯೊಳಗೆ ಆರೂ ಮಂದಿಯ ಸ್ಥಿತಿ ವಿಷಮಿಸಿತು. ಶ್ವಾಸಕೋಶದಲ್ಲಿ ನೀರು, ಮೂತ್ರಪಿಂಡಗಳ ಸೋಲು, ರಕ್ತನಾಳಗಳೊಳಗೆ ಅಡ್ಡಾದಿಡ್ಡಿ ಹೆಪ್ಪುಗಟ್ಟುವಿಕೆ. ಈ ನಡುವೆ ವಿಚಿತ್ರವೊಂದು ಕಂಡಿತು. ರಕ್ತದಲ್ಲಿ ಲಿಂಫೋಸೈಟ್‌ಗಳೂ (ಟಿ ಕೋಶಗಳು ಸೇರುವ ಬಿಳಿ ಕಣಗಳ ಗುಂಪು) ಮಾನೊಸೈಟ್‌ಗಳೆಂಬ ಇನ್ನೊಂದು ಬಗೆಯ ಬಿಳಿ ಕಣಗಳೂ ಹೆಚ್ಚುಕಡಿಮೆ ಕಾಣೆಯಾಗಿದ್ದವು. ಕೆರಳಿದ ಕಣಗಳು ರಕ್ತದಲ್ಲಿ ತುಂಬಿ ತುಳುಕಬೇಕಿತ್ತಲ್ಲ? ಅವು ರಕ್ತನಾಳ ಬಿಟ್ಟು ಅಂಗಗಳೊಳಗೆ ನುಗ್ಗಿದ್ದವು ಎಂಬುದೇ ಇದಕ್ಕೆ ಹೊಂದುವ ವಿವರಣೆ. ಊರಿನ ಬೀದಿಗಳು ಖಾಲಿ ಇವೆ ಎಂದರೆ ಊರು ಶಾಂತವಾಗಿದೆ ಎಂದಲ್ಲ, ಎಲ್ಲರೂ ಮನೆಗಳೊಳಗೆ ನುಗ್ಗಿ ದೊಂಬಿ ಎಬ್ಬಿಸಿದ್ದಾರೆ ಎಂದು.

ಪರೀಕ್ಷಾ ಘಟಕ ಖಾಸಗಿಯದಾದರೂ ಪಕ್ಕದಲ್ಲೇ ಸಾರ್ವಜನಿಕ ಆಸ್ಪತ್ರೆಯ ತೀವ್ರ ನಿಗಾ ಘಟಕವಿತ್ತು. ಆರೂ ಜನ ಬದುಕಿದ್ದರಲ್ಲಿ ಆ ಗೋಡೆಯಾಚೆಯ ನೆರೆಹೊರೆಯ ಪಾಲು ದೊಡ್ಡದು ಎಂದು ನನಗನ್ನಿಸುತ್ತದೆ. ಅಲ್ಲಿಯ ವೈದ್ಯರಿಗೆ ಮಾದರಿಯಾಗಿ ನೋಡಲು ಹಿಂದಿನ ಪ್ರಕರಣವೇ ಇರಲಿಲ್ಲ. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ಭಾರಿ ಪ್ರಮಾಣದಲ್ಲಿ ಕೊಟ್ಟರು. ಇಂಟರ್‌ಲ್ಯೂಕಿನ್ 2ರ ಗ್ರಾಹಿಗೆ ಅಡ್ಡ ನಿಲ್ಲುವ ಡಾಕ್ಲಿಜುಮ್ಯಾಬ್ ಪ್ರತಿಕಾಯವನ್ನೂ ಕೊಟ್ಟರು. ಡಯಾಲಿಸಿಸ್, ಉಸಿರಾಟಕ್ಕೆ ಆಸರೆ ಎಲ್ಲವೂ ನಡೆಯಿತು. ನಾಲ್ವರು ಬೇಗ ಚೇತರಿಸಿಕೊಂಡರು. ಇಬ್ಬರಿಗೆ 8 ಮತ್ತು 16 ದಿನಗಳ ಕಾಲ ಅಂಗಾಂಗಗಳಿಗೆ ಯಂತ್ರಗಳ ಆಸರೆ ಬೇಕಾಯಿತು. ಒಬ್ಬ ಕಾಲ್ಬೆರಳುಗಳನ್ನೂ ಕೈಬೆರಳುಗಳ ತುದಿಗಳನ್ನೂ ಕಳೆದುಕೊಂಡ. ಯಾರೂ ಸಾಯಲಿಲ್ಲ.

ತಪ್ಪು ಸಿಗದ ತನಿಖೆ

ಮೊದಲ ಅನುಮಾನ ಸಹಜವಾಗಿಯೇ ಕಲಬೆರಕೆಯ ಮೇಲೆ. ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ವಿಷ ಸೇರಿತ್ತೇ? ಯಾರಾದರೂ ದಶಮಾಂಶ ಬಿಂದು ತಪ್ಪಿ ಹತ್ತು ಪಟ್ಟು ಕೊಟ್ಟರೇ? ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ ಹುಡುಕಾಡಿ ಎರಡೂ ಇಲ್ಲವೆಂದಿತು. ದಾಖಲೆ ಮತ್ತು ಕ್ರಮಗಳಲ್ಲಿ ಕೆಲವು ಲೋಪಗಳು ಸಿಕ್ಕವು, ಆದರೆ ಅನಾಹುತ ತರುವಂಥವಲ್ಲ. ಮದ್ದು ಶುದ್ಧ, ಪ್ರಮಾಣ ಯೋಜಿಸಿದಷ್ಟೇ. ಉಳಿದದ್ದು ಒಂದೇ ತೀರ್ಮಾನ: ಮನುಷ್ಯನ ದೇಹದಲ್ಲಿ ಈ ಮದ್ದು ಮಾಡುವ ಕೆಲಸವೇ ಇದು. ಕಳ್ಳ ಸಿಕ್ಕಿದ್ದರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು. ಆ ವರ್ಷದ ಜುಲೈಯಲ್ಲಿ ಟೆಜೆನೆರೊ ದಿವಾಳಿ ಅರ್ಜಿ ಹಾಕಿತು.

ಸರ್ಕಾರ ಗೋರ್ಡನ್ ಡಫ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಡಿಸೆಂಬರ್‌ನಲ್ಲಿ ಬಂದ ಅಂತಿಮ ವರದಿಯಲ್ಲಿ 22 ಶಿಫಾರಸುಗಳಿದ್ದವು. ನನ್ನ ಮಟ್ಟಿಗೆ ಅದರ ಜೀವಾಳ ಒಂದು ಸರಳ ಪ್ರಶ್ನೆಯಲ್ಲಿದೆ. ಕಿಲೋಗೆ 0.1 ಮಿಲಿಗ್ರಾಂ ಕೊಟ್ಟಾಗ ದೇಹದಲ್ಲಿರುವ ಸಿಡಿ28 ಗ್ರಾಹಿಗಳಲ್ಲಿ ಎಷ್ಟು ಭರ್ತಿಯಾಗುತ್ತವೆ? ಹೆಚ್ಚುಕಡಿಮೆ ಶೇಕಡಾ 90. ಅಂದರೆ 'ಐನೂರನೇ ಒಂದು ಪಾಲು' ಎಂಬ ಎಚ್ಚರಿಕೆಯ ಪ್ರಮಾಣ, ಕೋಶದ ಕಡೆಯಿಂದ ನೋಡಿದರೆ ಪೂರ್ತಿ ಪ್ರಮಾಣವೇ ಆಗಿತ್ತು. ಕೋತಿ ಎಷ್ಟು ತಡೆದುಕೊಂಡಿತು ಎಂದು ಕೇಳಿ ಅಲ್ಲಿಂದ ಕೆಳಗಿಳಿದು ಬಂದಿದ್ದರು. ಮನುಷ್ಯನ ಕೋಶವೊಂದು ಕಣ್ಣು ಬಿಡಲು ಎಷ್ಟು ಸಾಕು ಎಂದು ಕೇಳಿ ಕೆಳಗಿನಿಂದ ಮೇಲೇರಬೇಕಿತ್ತು. ಮಾಡಬೇಕಾಗಿದ್ದ ಈ ಲೆಕ್ಕಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ, ಕಾಗದ ಪೆನ್ನು ಸಾಕಿತ್ತು.

ಇನ್ನೂ ಒಂದು ಮಾತು. ಟಿ ಕೋಶಗಳನ್ನು ಕೆರಳಿಸುವ ಪ್ರತಿಕಾಯ ಸೈಟೋಕೈನ್‌ಗಳನ್ನು ಸುರಿಸಬಲ್ಲದು ಎಂಬುದು 2006ರಲ್ಲಿ ಹೊಸ ಸಂಗತಿಯಾಗಿರಲಿಲ್ಲ. ಮೂತ್ರಪಿಂಡ ಕಸಿಯ ರೋಗಿಗಳಿಗೆ 1980ರ ದಶಕದಿಂದಲೇ ಕೊಡುತ್ತಿದ್ದ ಒಕೆಟಿ3 ಎಂಬ ಪ್ರತಿಕಾಯದ ಮೊದಲ ಡೋಸಿಗೆ ಜ್ವರ, ನಡುಕ, ರಕ್ತದೊತ್ತಡದ ಇಳಿತ ಬರುವುದು ಕಸಿ ವಿಭಾಗದವರಿಗೆಲ್ಲ ಗೊತ್ತಿತ್ತು. ಅದು ಗೊತ್ತಿದ್ದೂ ಹತ್ತು ನಿಮಿಷಕ್ಕೊಬ್ಬರಂತೆ ಸಾಲು ಮುಗಿಸಿದ್ದನ್ನು ನಾನು ದುರದೃಷ್ಟ ಎಂದು ಕರೆಯಲಾರೆ. ಮೊದಲನೆಯವನನ್ನು ಒಂದು ಹಗಲು ನೋಡಿಕೊಂಡಿದ್ದರೆ ಐವರು ಆಸ್ಪತ್ರೆ ಸೇರುತ್ತಿರಲಿಲ್ಲ.

ಪ್ಲಾಸ್ಟಿಕ್ ಗುಳಿಯಲ್ಲಿ ಒಣಗಿದ ಮದ್ದು

ಆದರೂ ಒಗಟು ಉಳಿದೇ ಇತ್ತು. ಮನುಷ್ಯರ ರಕ್ತದಿಂದ ತೆಗೆದ ಬಿಳಿ ಕಣಗಳನ್ನು ಪ್ರಯೋಗಾಲಯದಲ್ಲಿ ಇಟ್ಟು, ಮೇಲೆ ಟಿಜಿಎನ್ 1412 ದ್ರಾವಣ ಸುರಿದರೆ ಏನೂ ಆಗುತ್ತಿರಲಿಲ್ಲ. ಆರು ಜನರನ್ನು ಮಲಗಿಸಿದ ಮದ್ದು ತಟ್ಟೆಯಲ್ಲಿ ಸಪ್ಪೆ ನೀರಿನಂತೆ ಕುಳಿತಿರುತ್ತಿತ್ತು.

ಲಂಡನ್ನಿನ ಹೊರವಲಯದ ಪಾಟರ್ಸ್ ಬಾರ್‌ನಲ್ಲಿ ಜೈವಿಕ ಔಷಧಗಳ ಗುಣಮಟ್ಟ ನೋಡುವ ಎನ್‌ಐಬಿಎಸ್‌ಸಿ ಎಂಬ ಸಂಸ್ಥೆಯಿದೆ. ಅಲ್ಲಿಯ ರಿಚರ್ಡ್ ಸ್ಟೆಬ್ಬಿಂಗ್ಸ್ ಮತ್ತು ಸಂಗಡಿಗರು ಪ್ರಯೋಗದ ರೀತಿಯನ್ನೇ ಸ್ವಲ್ಪ ಬದಲಾಯಿಸಿದರು. ಪರೀಕ್ಷಾ ತಟ್ಟೆಯ ಪುಟ್ಟ ಗುಳಿಗಳಲ್ಲಿ ಪ್ರತಿಕಾಯದ ದ್ರಾವಣ ಹಾಕಿ, ನೀರಿನಂಶ ಆರಿ ಹೋಗುವವರೆಗೆ ಒಣಗಲು ಬಿಟ್ಟರು. ಗುಳಿಯ ತಳಕ್ಕೆ ಪ್ರತಿಕಾಯ ಅಂಟಿಕೊಂಡಿತು. ಅದರ ಮೇಲೆ ಅದೇ ಬಿಳಿ ಕಣಗಳನ್ನು ಹಾಕಿದಾಗ ಅವು ಭುಗಿಲೆದ್ದವು, ಸೈಟೋಕೈನ್‌ಗಳು ಧಾರಾಳವಾಗಿ ಹೊರಬಂದವು. ರಕ್ತನಾಳದ ಒಳಪದರದ ಕೋಶಗಳನ್ನು ಜೊತೆಗಿಟ್ಟಾಗಲೂ ಕಣಗಳು ಕೆರಳಿದವು. 2007ರಲ್ಲಿ ಇದು ಪ್ರಕಟವಾಯಿತು. ತೇಲುತ್ತಿರುವ ಪ್ರತಿಕಾಯಕ್ಕೆ ಕಾಲೂರಲು ಜಾಗವಿರಲಿಲ್ಲ. ನೆಲ ಸಿಕ್ಕಿದೊಡನೆ ಅದು ಒಂದೇ ಕೋಶದ ಹಲವು ಸಿಡಿ28ಗಳನ್ನು ಒಟ್ಟಿಗೆ ಎಳೆದು ಹಿಡಿಯಿತು. ದೇಹದಲ್ಲಿ ಅಂಥ ನೆಲಕ್ಕೆ ಬರವಿಲ್ಲ.

ಮನುಷ್ಯನ ಕಣಗಳಲ್ಲಿ ಭುಗಿಲೆದ್ದವು ಯಾವುವು? 2010ರ ಹೊತ್ತಿಗೆ ಅದೇ ಸಂಸ್ಥೆಯವರು ಬೆರಳಿಟ್ಟು ತೋರಿಸಿದ್ದು ಸಿಡಿ4 ಜಾತಿಯ 'ನೆನಪಿನ' ಟಿ ಕೋಶಗಳನ್ನು. ಒಮ್ಮೆ ಸೋಂಕಿನೊಡನೆ ಹೋರಾಡಿ ಬದುಕುಳಿದು, ಮುಂದಿನ ಬಾರಿ ತಡಮಾಡದೆ ಹೊಡೆಯಲು ಅಂಗಗಳಲ್ಲಿ ಕಾದು ಕುಳಿತಿರುವ ಹಳೆಯ ಯೋಧರು ಇವು. ಕೋತಿಗಳಲ್ಲೂ ಇವು ಇವೆ. ಆದರೆ ಮಕಾಕ್‌ಗಳಲ್ಲಿ ಈ ಕೋಶಗಳು ಪಳಗುವ ದಾರಿಯಲ್ಲಿ ತಮ್ಮ ಮೈಮೇಲಿನ ಸಿಡಿ28 ಅನ್ನು ಕಳಚಿಟ್ಟಿರುತ್ತವೆ. ಮನುಷ್ಯನಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಸಿಡಿ28 ಎರಡೂ ಪ್ರಾಣಿಗಳಲ್ಲಿ ಒಂದೇ ಎಂಬ ಮಾತು ನಿಜವೇ. ಅದು ಯಾವ ಕೋಶದ ಮೇಲಿದೆ ಎಂದು ಕೇಳಿದವರಿರಲಿಲ್ಲ. ಬೀಗ ಒಂದೇ ಕಂಪನಿಯದು, ಆದರೆ ಮನುಷ್ಯನಲ್ಲಿ ಸಿಡಿಮದ್ದಿನ ಕೋಣೆಗೂ ಅದೇ ಬೀಗ.

ಇಲಿಗಳ ಕಥೆ ಬೇರೆ. ಪ್ರಯೋಗಾಲಯದ ಇಲಿ ಹುಟ್ಟುವುದು, ಬೆಳೆಯುವುದು ಎಲ್ಲ ಸೋಸಿದ ಗಾಳಿ, ಶುದ್ಧಗೊಳಿಸಿದ ಆಹಾರ, ಸ್ವಚ್ಛ ಪಂಜರದೊಳಗೆ. ಅದಕ್ಕೆ ಸೋಂಕು ತಗುಲುವುದೇ ಅಪರೂಪ, ಹಾಗಾಗಿ ನೆನಪಿನ ಕೋಶಗಳೂ ಕಡಿಮೆ. ಮೂವತ್ತು ವರ್ಷ ಬದುಕಿದ ಮನುಷ್ಯ ದಡಾರದ ಲಸಿಕೆ, ಶಾಲೆಯ ನೆಗಡಿಗಳು, ಹೊಟ್ಟೆಯ ಸೋಂಕುಗಳು, ಎಂದೋ ಬಂದು ಮೈಯಲ್ಲೇ ಉಳಿದ ವೈರಸ್ಸುಗಳು ಎಲ್ಲದರ ನೆನಪನ್ನೂ ಹೊತ್ತಿರುತ್ತಾನೆ. ಇಲಿಯ ದೇಹದಲ್ಲಿ ಎದ್ದ ಸಣ್ಣ ಗದ್ದಲವನ್ನು ಅಡಗಿಸಲು ಅಲ್ಲಿಯ ನಿಯಂತ್ರಕ ಕೋಶಗಳು ಸಾಕಿದ್ದವು. ಹ್ಯಾರೋದಲ್ಲಿ ನಿಯಂತ್ರಕ ಕೋಶಗಳು ಕಣ್ಣು ಬಿಡುವ ಮುಂಚೆಯೇ ಹಳೆಯ ಯೋಧರು ಬೀದಿಗಿಳಿದಿದ್ದರು.

ಹ್ಯೂನಿಗ್ ಈ ವಿಷಯವನ್ನು ಬಿಟ್ಟು ಹೋಗಲಿಲ್ಲ. ತನ್ನದೇ ಆವಿಷ್ಕಾರ ಹೀಗೆ ಮುಗ್ಗರಿಸಿದ ಮೇಲೆ ಬೇರೆ ಕೆಲಸ ಹಿಡಿದಿದ್ದರೂ ಯಾರೂ ತಪ್ಪು ಎನ್ನುತ್ತಿರಲಿಲ್ಲ. 2011ರಲ್ಲಿ ಅವರ ತಂಡ ಇನ್ನೊಂದು ಸಂಗತಿಯನ್ನು ತೋರಿಸಿತು. ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿ ಓಡಾಡುವುದು ಸುಮಾರು ಶೇಕಡಾ 2 ಮಾತ್ರ. ಉಳಿದವು ದುಗ್ಧಗ್ರಂಥಿಗಳಲ್ಲಿ, ಅಂಗಗಳಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಿರುತ್ತವೆ. ಆ ತಾಗುವಿಕೆಯಿಂದಲೇ ಅವುಗಳಿಗೆ ಸದಾ ಒಂದು ಮೆಲುವಾದ ಸಂದೇಶ ಸಿಗುತ್ತಿರುತ್ತದೆ. ರಕ್ತಕ್ಕೆ ಇಳಿದ ಕೋಶ ಆ ನೆರೆಯನ್ನು ಕಳೆದುಕೊಂಡು ಮಂಕಾಗುತ್ತದೆ. ನಾವು ಸಿರಿಂಜಿನಲ್ಲಿ ತೆಗೆದು ಪರೀಕ್ಷಿಸುವುದು ಈ ಮಂಕು ಕೋಶಗಳನ್ನು. ಅವನ್ನು ಎರಡು ದಿನ ಒತ್ತೊತ್ತಾಗಿ ಕೂಡಿಟ್ಟು ಬೆಳೆಸಿದ ಮೇಲೆ ದ್ರಾವಣ ರೂಪದ ಟಿಜಿಎನ್ 1412 ಸುರಿದಾಗ, ಈ ಬಾರಿ ಏನನ್ನೂ ಒಣಗಿಸುವ ಗೋಜಿಲ್ಲದೆ, ಅವು ಕೆರಳಿದವು. 2005ರಲ್ಲಿ ಯಾರಾದರೂ ಹೀಗೆ ಕೂಡಿಟ್ಟು ನೋಡಿದ್ದರೆ ಆ ಸೋಮವಾರವೇ ಬರುತ್ತಿರಲಿಲ್ಲ. ಆದರೆ 2005ರಲ್ಲಿ ಹೀಗೆ ಕೂಡಿಡಬೇಕೆಂಬ ಕಾರಣವೂ ಯಾರಿಗೂ ಇರಲಿಲ್ಲ.

ಸಾವಿರದಲ್ಲಿ ಒಂದು ಪಾಲು

ನಿಯಮಗಳು ಬೇಗ ಬದಲಾದವು. 2007ರಲ್ಲಿ ಯುರೋಪಿನ ಔಷಧ ಸಂಸ್ಥೆ ಮನುಷ್ಯರ ಮೇಲಿನ ಮೊದಲ ಪರೀಕ್ಷೆಗೆ ಹೊಸ ಮಾರ್ಗಸೂಚಿ ತಂದಿತು. ಒಬ್ಬನಿಗೆ ಕೊಟ್ಟು, ಕಾದು, ನೋಡಿ ಆಮೇಲೆ ಉಳಿದವರು. ಆರಂಭದ ಪ್ರಮಾಣವನ್ನು ಪ್ರಾಣಿ ತಡೆದುಕೊಂಡದ್ದರಿಂದ ಮಾತ್ರವಲ್ಲ, ಮನುಷ್ಯನ ಕೋಶದಲ್ಲಿ ಕನಿಷ್ಠ ಪರಿಣಾಮ ಕಾಣುವ ಮಟ್ಟದಿಂದಲೂ ಲೆಕ್ಕ ಹಾಕಬೇಕು. ಬಿರುಗಾಳಿಯನ್ನು ತಡೆಯುವ ಮದ್ದುಗಳೂ ಹಿಂದೆಯೇ ಬಂದವು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ರಕ್ತದ ಕ್ಯಾನ್ಸರಿಗೆ ಮಾರ್ಪಡಿಸಿದ ಟಿ ಕೋಶಗಳ ಚಿಕಿತ್ಸೆ ಪಡೆದ ಪುಟ್ಟ ಹುಡುಗಿಯೊಬ್ಬಳು ಇದೇ ಬಗೆಯ ಬಿರುಗಾಳಿಗೆ ಸಿಕ್ಕಾಗ ಅವಳನ್ನು ಉಳಿಸಿದ್ದು ಟೋಸಿಲಿಜುಮ್ಯಾಬ್, ಸಂಧಿವಾತದ ರೋಗಿಗಳಿಗೆ ಕೊಡುವ ಮದ್ದು. 2021ರ ಎರಡನೇ ಅಲೆಯಲ್ಲಿ ನಮ್ಮ ಊರುಗಳ ಜನ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಹುಡುಕಿ ಅಲೆದ ಅದೇ ಟೋಸಿಲಿಜುಮ್ಯಾಬ್.

ಟಿಜಿಎನ್ 1412ರ ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ನಿಯಂತ್ರಕ ಕೋಶಗಳಿಗೆ ದೇಹದ ಸ್ವಂತ ಗುರುತುಗಳಿಂದ ಮೊದಲ ಕೀಲಿಯ ಮೆಲುಸಂದೇಶ ಸದಾ ಸಿಗುತ್ತಲೇ ಇರುತ್ತದೆ. ಹಾಗಾದರೆ ಅವುಗಳನ್ನು ಎಬ್ಬಿಸಲು ಉಳಿದ ಕೋಶಗಳಿಗಿಂತ ಬಹಳ ಕಡಿಮೆ ಮದ್ದು ಸಾಕಾಗಬೇಕಲ್ಲವೇ? ಟೆರಾಮ್ಯಾಬ್ ಎಂಬ ರಷ್ಯಾದ ಕಂಪನಿ ಅದೇ ಪ್ರತಿಕಾಯಕ್ಕೆ ಟಿಎಬಿ08 ಎಂದು ಹೆಸರಿಟ್ಟು ಮತ್ತೆ ಆರೋಗ್ಯವಂತ ಸ್ವಯಂಸೇವಕರ ಮುಂದೆ ತಂದಿತು. ಈ ಬಾರಿ ಆರಂಭಿಸಿದ್ದು ಕಿಲೋಗೆ 0.1 ಮೈಕ್ರೋಗ್ರಾಂನಿಂದ. 70 ಕಿಲೋ ತೂಕದ ಒಬ್ಬನಿಗೆ 7 ಮೈಕ್ರೋಗ್ರಾಂ. ಹ್ಯಾರೋದಲ್ಲಿ ಅದೇ ತೂಕದವನಿಗೆ ಸಿಗುತ್ತಿದ್ದದ್ದು 7 ಮಿಲಿಗ್ರಾಂ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ಕಿಲೋಗೆ 7 ಮೈಕ್ರೋಗ್ರಾಂನಲ್ಲಿ ನಿಂತರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ರಕ್ತದಲ್ಲಿ ಏರಿದ್ದು ಇಂಟರ್‌ಲ್ಯೂಕಿನ್ 10, ಉರಿಯೂತವನ್ನು ತಣಿಸುವ ಓಲೆ. ಉರಿಯೂತ ಹಚ್ಚುವ ಓಲೆಗಳು ಏರಲಿಲ್ಲ. ಇಲಿಗಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಆ ಬಳಿಕ ಸಂಧಿವಾತದ ರೋಗಿಗಳ ಮೇಲೂ ಪರೀಕ್ಷೆ ನಡೆಯಿತು. ಔಷಧದ ಅಂಗಡಿಯವರೆಗೆ ಮಾತ್ರ ಅದು ಇನ್ನೂ ಬಂದಿಲ್ಲ.